ಅಕ್ಕಾ, ಚಾರ್ಜರ್ ಮಾತ್ರ ಚುಚ್ಚಬೇಡ

ಅಕ್ಕಾ, ಭಾವನ ಫೋನಿಂದ ನೀನು ಹಾಕಿದ ಮೆಸೇಜ್ ಈಗ ನೋಡಿದೆ. ನಿನ್ನ ಫೋನ್ ಸೋಪಿನ ನೀರಿನ ಬಕೆಟ್ಟಿಗೆ ಬಿತ್ತು, ಒರೆಸಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ, ಅರ್ಧ ಗಂಟೆ ಬಿಟ್ಟು ಚಾರ್ಜಿಗೆ ಹಾಕಿ ನೋಡಲಾ ಅಂತ ಕೇಳಿದ್ದೀಯ. ಬೇಡ ಅಕ್ಕಾ, ಬೇಡವೇ ಬೇಡ! ಇನ್ನೂ ಆನ್ ಇದ್ದರೆ ಈಗಲೇ ಆಫ್ ಮಾಡು. ತಾನಾಗೇ ಆಫ್ ಆಗಿದ್ದರೆ ಬಟನ್ ಒತ್ತಲು ಹೋಗಬೇಡ.

ಫೋನ್ ಕೆಡುವುದು ಬರೀ ನೀರಿನಿಂದ ಅಲ್ಲ, ನೀರಿನ ಜೊತೆ ಕರೆಂಟ್ ಸೇರಿದಾಗ. ನೀರಲ್ಲಿ ಕರಗಿರುವ ಉಪ್ಪಿನಂಶ, ಸೋಪು ಇವೆಲ್ಲ ಕರೆಂಟಿಗೆ ದಾರಿ ಮಾಡಿಕೊಡುತ್ತವೆ. ಶಾರ್ಟ್ ಆದರೆ ಅಲ್ಲಿಗೇ ಮುಗಿಯಿತು. ಆಗದಿದ್ದರೂ ಬೋರ್ಡಿನ ಮೇಲಿನ ಕೂದಲೆಳೆಯಂಥ ತಾಮ್ರದ ಗೆರೆಗಳು ಬೇಗ ಕಿಲುಬು ಹಿಡಿಯುತ್ತವೆ. ನನ್ನ ಹಳೇ ಫೋನ್ ಮಳೆಯಲ್ಲಿ ನೆನೆದಾಗ ಐದು ನಿಮಿಷಕ್ಕೊಮ್ಮೆ ಆನ್ ಮಾಡಿ ನೋಡಿದ್ದೆ. ಮೂರನೇ ಸಲ ಆನ್ ಆಯಿತು, ಕುಣಿದಾಡಿದೆ. ಮಾರನೇ ದಿನದಿಂದ ಅದು ಏಳಲೇ ಇಲ್ಲ.

ಮೊದಲು ಆ ಅಕ್ಕಿಯಿಂದ ಹೊರಗೆ ತೆಗೆ. ಒಳಗಿನ ನೀರನ್ನು ಅಕ್ಕಿ ಎಳೆದುಕೊಳ್ಳುವುದಿಲ್ಲ, ಅದರ ಪುಡಿ ಚಾರ್ಜಿಂಗ್ ತೂತಿಗೆ ಸೇರಿಕೊಳ್ಳುತ್ತದೆ ಅಷ್ಟೇ. ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಆಪಲ್‌ನವರೇ ಹೇಳಿದ್ದಾರೆ. ಕವರ್, ಸಿಮ್ ಟ್ರೇ ತೆಗೆ. ತೂತು ಕೆಳಗೆ ಬರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟು. ಆಮೇಲೆ ಫ್ಯಾನ್ ಗಾಳಿಗೆ ನಿಲ್ಲಿಸು. ಹೇರ್ ಡ್ರೈಯರ್ ಬೇಡ. ಬಿಸಿಗೆ ಒಳಗಿನ ಅಂಟು ಸಡಿಲವಾಗುತ್ತದೆ, ಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ.

ಬರೀ ನೀರಾಗಿದ್ದರೆ ಎರಡು ದಿನ ಒಣಗಿಸಿ ನೋಡು ಅನ್ನುತ್ತಿದ್ದೆ. ನಿನ್ನದು ಸೋಪಿನ ನೀರು. ನೀರು ಆರಿದರೂ ಸೋಪು ಒಳಗೇ ಉಳಿಯುತ್ತದೆ. ಅದಕ್ಕೇ ಇವತ್ತೇ ರಿಪೇರಿಯವರ ಹತ್ತಿರ ಒಯ್ಯಿ. ಬಿಚ್ಚಿ, ಬ್ಯಾಟರಿ ಕಳಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನುವ ಬೇಗ ಆರುವ ದ್ರವದಲ್ಲಿ ತೊಳೆಯಲು ಹೇಳು. ಮನೆಯಲ್ಲಿ ನೀನೇ ಬಿಚ್ಚಬೇಡ. ಹಿಂಬದಿ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿದೆ ಅಂತ ಅರ್ಥ, ಒತ್ತಲೂ ಬೇಡ.

ಭಾವ ಕೆಳಗೆ 'ಐಪಿ67 ಇದೆ, ಏನೂ ಆಗಲ್ಲ' ಅಂತ ಬರೆದಿದ್ದಾರೆ. ಭಾವಾ, ಐಪಿ67 ಅಂದರೆ ಧೂಳು, ನೀರು ಎಷ್ಟು ತಡೆಯುತ್ತದೆ ಅನ್ನುವ ಗುರುತು. ಅದು 1 ಮೀಟರ್ ಆಳದಲ್ಲಿ 30 ನಿಮಿಷ, ಅದೂ ಬರೀ ನೀರಲ್ಲಿ, ಹೊಸ ಫೋನಿಗೆ ಮಾಡಿದ ಪರೀಕ್ಷೆ. ಅಕ್ಕನ ಫೋನ್ ಎಷ್ಟು ಸಲ ಕೆಳಗೆ ಬಿದ್ದಿದೆ ಅಂತ ನಿಮಗೇ ಗೊತ್ತಲ್ವಾ? ನೀರು ತಡೆಯುವ ಒಳಗಿನ ರಬ್ಬರ್ ಇನ್ನೂ ಹಾಗೇ ಇರುತ್ತದಾ!

ಅಕ್ಕಾ, ಸಿಮ್ ಒರೆಸಿ ಬೇರೆ ಫೋನಿಗೆ ಹಾಕಿಕೋ, ಓಟಿಪಿ ಅದಕ್ಕೇ ಬರುತ್ತದೆ. ರಿಪೇರಿಯಾಗಿ ಆನ್ ಆದರೆ ಮೊದಲು ಫೋಟೊಗಳನ್ನೆಲ್ಲ ಬೇರೆ ಕಡೆ ಇಳಿಸಿಕೋ. ಸ್ಟೇಟಸ್ ಆಮೇಲೆ ಹಾಕುವೆಯಂತೆ.