ದೋಣಿ ಕಟ್ಟುವ ಹವ್ಯಾಸವನ್ನು ಆನ್‌ಲೈನ್ ವ್ಯಾಪಾರ ಮಾಡಬಹುದೇ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಶಿವಮೊಗ್ಗದಿಂದ:

ನನ್ನದು ಬ್ಯಾಂಕ್ ಕೆಲಸ. ರಜೆಯ ದಿನಗಳಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಪ್ಲೈವುಡ್ ದೋಣಿ ಕಟ್ಟುತ್ತೇನೆ. ಹಲಗೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ತುಂಬಿ, ಮೇಲೆ ಗಾಜುನಾರಿನ ಬಟ್ಟೆ ಅಂಟಿಸುವ ವಿಧಾನ. ನೋಡಿದವರೆಲ್ಲ ‘ನಮಗೂ ಒಂದು ಮಾಡಿಕೊಡಿ’ ಎನ್ನುತ್ತಾರೆ. ಇಬ್ಬರು ಕೂರುವ ಹದಿನಾಲ್ಕು ಅಡಿ ದೋಣಿಯನ್ನು ಆನ್‌ಲೈನ್‌ನಲ್ಲಿ ಮಾರುವ ಆಸೆಯಿದೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದೀರಾ?

ಕುಂದಾಪುರದಿಂದ:

‘ನಮಗೂ ಒಂದು’ ಎಂದವರ ಬಳಿ ಮುಂಗಡ ಕೇಳಿ ನೋಡಿದ್ದೀರಾ ಸರ್? ಕೇಳಿದ ಮೇಲೂ ಎದುರಿಗೆ ನಿಂತಿರುವವರು ಮಾತ್ರ ಗಿರಾಕಿಗಳು.

ನಾನು ಮಾರುವುದು ಕಪಾಟಿನಲ್ಲಿಡುವ ಮಾದರಿ ದೋಣಿಗಳನ್ನು: ಮಚ್ವೆ, ಪಾತಿ, ಹಾಯಿ ಹಡಗು. ನಿಮ್ಮದು ನೀರಿಗಿಳಿಯುವ ದೋಣಿ. ಆದರೂ ನಮ್ಮಿಬ್ಬರ ತಲೆನೋವು ಒಂದೇ, ಅದು ಸಾಗಣೆ. ಕೊರಿಯರ್‌ನವರು ತೂಕದ ಜೊತೆಗೆ ಪೆಟ್ಟಿಗೆಯ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಕ್ರಮ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಾಡಿಗೆ. ನನ್ನ ಒಂದು ಹಾಯಿ ಹಡಗಿನ ಪೆಟ್ಟಿಗೆ 60×20×45. ಒಳಗಿರುವುದು ಎರಡು ಕಿಲೋ ದಾಟದ ಸಾಮಾನು, ಕಟ್ಟಬೇಕಾದದ್ದು 10.8 ಕಿಲೋಗೆ. ಹಾಯಿಕಂಬವನ್ನು ಬಿಚ್ಚಿ ಮಲಗಿಸುವಂತೆ ಮಾಡಿದರೆ ಪೆಟ್ಟಿಗೆಯ ಎತ್ತರ 15ಕ್ಕೆ ಇಳಿಯುತ್ತದೆ, ಲೆಕ್ಕ 3.6 ಕಿಲೋ. ಅಂದಿನಿಂದ ನನ್ನ ಯಾವ ಹಡಗಿಗೂ ಅಂಟಿಸಿದ ಕಂಬ ಇಲ್ಲ.

ಈಗ ನಿಮ್ಮ ದೋಣಿಯನ್ನು ಇದೇ ಸೂತ್ರಕ್ಕೆ ಹಾಕಿ. 430×75×35 ಎಂದರೆ 225 ಕಿಲೋ ದಾಟಿತು! ಎತ್ತಿದರೆ ಇಬ್ಬರಿಗೆ ಹಗುರ, ಬಿಲ್ಲಿನಲ್ಲಿ ಮಾತ್ರ ಕಬ್ಬಿಣ. ಅಷ್ಟು ಉದ್ದದ ಸಾಮಾನನ್ನು ಮಾಮೂಲಿ ಕೊರಿಯರ್‌ನವರು ಮುಟ್ಟುವುದೂ ಇಲ್ಲ. ಆದ್ದರಿಂದ ಕಟ್ಟಿದ ದೋಣಿಯನ್ನು ಬಂದು ಒಯ್ಯುವವರಿಗೆ ಮಾತ್ರ ಕೊಡಿ. ಊರಾಚೆಗೆ ಕಿಟ್ ಕಳಿಸಿ. ಕತ್ತರಿಸಿದ ಹಲಗೆಗಳು, ರಂಧ್ರ ಕೊರೆದು, ಅಂಕಿ ಬರೆದು, ಒಂದರ ಮೇಲೊಂದು ಜೋಡಿಸಿದ ಕಟ್ಟು. ಎಂಟು ಅಡಿಗಿಂತ ತುಸು ಕಡಿಮೆ ಉದ್ದಕ್ಕೆ ತುಂಡು ಮಾಡಿದರೆ 240×60×10ರ ಪೆಟ್ಟಿಗೆ ಸಾಕು, ಗಾತ್ರದ ಲೆಕ್ಕ ಹಾಕಿದರೂ 28.8 ಕಿಲೋ. ಲಾರಿ ಪಾರ್ಸೆಲ್‌ನವರು ಗೊಣಗದೆ ಒಯ್ಯುತ್ತಾರೆ.

ಇದೇನೂ ಹೊಸ ಉಪಾಯವಲ್ಲ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡೈಲಿ ಮಿರರ್ ಪತ್ರಿಕೆ ಮುಂದೆ ನಿಂತು ಮಿರರ್ ಎಂಬ ಪುಟ್ಟ ಹಾಯಿ ದೋಣಿಯನ್ನು ಕಿಟ್ ರೂಪದಲ್ಲಿ ಮಾರಾಟಕ್ಕೆ ತಂದಿತು. ವಿನ್ಯಾಸ ಬ್ಯಾರಿ ಬಕ್ನೆಲ್ ಮತ್ತು ಜ್ಯಾಕ್ ಹೋಲ್ಟ್ ಅವರದು. ನೀವು ಮಾಡುವ ಅದೇ ತಂತಿ ಹೊಲಿಗೆ. ಮನೆಯಂಗಳದಲ್ಲಿ ಕಟ್ಟಿದವರೇ ಬಹಳ ಮಂದಿ, ಒಟ್ಟು ಎಪ್ಪತ್ತು ಸಾವಿರಕ್ಕೂ ಹೆಚ್ಚು ದೋಣಿಗಳಾದವು.

ಕತ್ತರಿಸಲು ಯಂತ್ರ ಕೊಳ್ಳಬೇಡಿ. ದೇವರ ಕೋಣೆಯ ಬಾಗಿಲಿಗೆ ಜಾಲರಿ ಕೊರೆದುಕೊಡುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರದ) ಅಂಗಡಿಗಳು ಈಗ ಸಣ್ಣ ಪೇಟೆಗಳಲ್ಲೂ ಇವೆ. ಅವರಿಗೆ ನಕ್ಷೆಯ ಫೈಲ್ ಕೊಟ್ಟರೆ ಆಯಿತು. ಪ್ಲೈವುಡ್ ಮಾತ್ರ ನೀವೇ ಕೊಂಡು ಒಯ್ಯಿರಿ, ಹಾಳೆಯ ಮೇಲೆ ಮರೈನ್ ಪ್ಲೈವುಡ್‌ನ ಗುಣಮಟ್ಟದ ಗುರುತಾದ ಐಎಸ್ 710 ಮುದ್ರೆ ನೋಡಿಕೊಂಡು. ಅಂಗಡಿಯವರು ‘ವಾಟರ್‌ಪ್ರೂಫ್’ ಎಂದು ಐಎಸ್ 303 ಕೊಡಲು ನೋಡುತ್ತಾರೆ. ಅದು ಅಡುಗೆಮನೆಯ ಕಪಾಟಿಗೆ ಸರಿ.

ಇನ್ನು ನಕ್ಷೆ ಯಾರದು? ಕೊಂಡ ನಕ್ಷೆಯಾದರೆ ಸಾಮಾನ್ಯವಾಗಿ ಒಂದು ದೋಣಿ ಕಟ್ಟುವುದಕ್ಕಷ್ಟೇ ಅನುಮತಿ ಇರುತ್ತದೆ. ಅದರಿಂದ ಕಿಟ್ ಮಾಡಿ ಮಾರುವುದಕ್ಕೆ ವಿನ್ಯಾಸಕಾರರ ಒಪ್ಪಿಗೆ ಬರಹದಲ್ಲಿ ಬೇಕು. ನೀವು ಇದನ್ನು ಬರೆದಿಲ್ಲ, ಹಾಗಾಗಿ ಅನುಮಾನ.

ಬೆಂಗಳೂರಿನಿಂದ:

ಸಣ್ಣ ಮಾರಾಟಗಾರರ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು, ದೋಣಿಯ ಗಂಧವಿಲ್ಲ. ಮೊದಲು ನಿಮ್ಮ ಬ್ಯಾಂಕಿನ ಸೇವಾ ನಿಯಮ ಓದಿ. ಅನುಮತಿಯಿಲ್ಲದೆ ವ್ಯಾಪಾರ ಮಾಡಲು ಬಿಡುವ ಬ್ಯಾಂಕುಗಳು ಕಡಿಮೆ. ‘ಹೆಂಡತಿಯ ಹೆಸರಿನಲ್ಲಿ ಮಾಡುತ್ತೇನೆ’ ಎಂದು ಬರುವವರಿಗೆ ನಾನು ಹೇಳುವುದು ಒಂದೇ: ಹಾಗಾದರೆ ಖಾತೆ, ಬಿಲ್ಲು, ನಿರ್ಧಾರ ಎಲ್ಲವೂ ನಿಜವಾಗಿ ಅವರದ್ದೇ ಆಗಿರಲಿ.

ಜಿಎಸ್‌ಟಿ ವಿಷಯದಲ್ಲಿ ಎಲ್ಲರೂ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ ಎಂಬ ಮಿತಿಯನ್ನು ನೆಚ್ಚಿಕೊಂಡು ಕೂರುತ್ತಾರೆ. ಅದು ಕರ್ನಾಟಕದೊಳಗೆ ಸರಕು ಮಾರುವವರ ಮಾತು. ಒಂದು ಕಿಟ್ ಕೊಚ್ಚಿಗೋ ಪುಣೆಗೋ ಹೋಯಿತೆಂದರೆ ಅದು ಅಂತರರಾಜ್ಯ ಮಾರಾಟ, ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ಸರ್ಕಾರ ಪಟ್ಟಿ ಮಾಡಿದ ಕರಕುಶಲ ವಸ್ತುಗಳಿಗೆ ರಿಯಾಯಿತಿ ಇದೆ. ಯಂತ್ರದಲ್ಲಿ ಕತ್ತರಿಸಿದ ಕಿಟ್ ಅದರಲ್ಲಿ ಸೇರುತ್ತದೆಂದು ನಂಬಿ ಹೊರಡಬೇಡಿ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರುವುದಾದರೆ 2023ರ ಅಕ್ಟೋಬರ್‌ನಿಂದ ಸಣ್ಣವರಿಗೆ ನೋಂದಣಿಯ ಬದಲು ಒಂದು ದಾಖಲಾತಿ ಸಂಖ್ಯೆ ಸಾಕಾಗುತ್ತದೆ. ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರದ ಉದ್ಯಮ್ ನೋಂದಣಿ ಉಚಿತ. ಅದಕ್ಕೆ ಹಣ ಕೇಳುವ ಜಾಲತಾಣ ಕಂಡರೆ ಮುಚ್ಚಿಬಿಡಿ.

ಅಮೆರಿಕದ ಮೇರಿಲ್ಯಾಂಡ್‌ನಿಂದ:

ನಾನು ಕೊಳ್ಳುವವನ ಪರವಾಗಿ ಬರೆಯುತ್ತೇನೆ. ಊರು ಹೊನ್ನಾವರ, ಶರಾವತಿಯ ದಂಡೆಯಲ್ಲಿ ಬೆಳೆದವನು. ಆದರೂ ದೋಣಿ ಕಟ್ಟಿದ್ದು ಇಲ್ಲಿಗೆ ಬಂದ ಮೇಲೆ, ಅನ್ನಾಪೊಲಿಸ್‌ನ ಚೆಸಪೀಕ್ ಲೈಟ್ ಕ್ರಾಫ್ಟ್ ಎಂಬ ಕಂಪನಿಯವರ ಕಿಟ್‌ನಿಂದ. ಹಲಗೆ ಎಲ್ಲಾದರೂ ಸಿಗುತ್ತಿತ್ತು. ನಾನು ದುಡ್ಡು ಕೊಟ್ಟದ್ದು ಕೈಪಿಡಿಗೆ ಎಂದೇ ಈಗಲೂ ಅನ್ನಿಸುತ್ತದೆ. ಯಾವ ತಂತಿಯನ್ನು ಮೊದಲು ಬಿಗಿಯಬೇಕು, ದೋಣಿ ತಿರುಚಿಕೊಂಡಿದೆಯೇ ಎಂದು ಕಣ್ಣಳತೆಯಲ್ಲಿ ನೋಡುವುದು ಹೇಗೆ, ಎಲ್ಲಕ್ಕೂ ಚಿತ್ರ. ನೀವು ಕನ್ನಡದಲ್ಲಿ ಅಂಥದ್ದೊಂದು ಬರೆದರೆ ಅದರ ಪಕ್ಕದಲ್ಲಿ ಕೂರಿಸಲು ಇನ್ನೊಂದು ನನಗಂತೂ ಕಂಡಿಲ್ಲ.

ಕೈಪಿಡಿಯಲ್ಲಿ ನಮ್ಮ ಮಳೆಗಾಲಕ್ಕೇ ಒಂದು ಅಧ್ಯಾಯ ಬೇಕು. ಇಲ್ಲಿಯವರ ಪುಸ್ತಕಗಳು ಆಷಾಢದ ತೇವವನ್ನು ಕಂಡಿಲ್ಲ. ತೇವದ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಕಟ್ಟುತ್ತದೆ. ನೀರಿನಲ್ಲಿ ತೊಳೆದು ಒರೆಸದೆ ಮುಂದಿನ ಲೇಪ ಹಚ್ಚಿದರೆ ಹಿಡಿಯುವುದಿಲ್ಲ. ಏಪ್ರಿಲ್‌ನ ಸೆಕೆಯಲ್ಲಿ ಇನ್ನೊಂದು ತೊಂದರೆ: ಕಲಸಿದ ಬಟ್ಟಲಿನಲ್ಲೇ ಬಿಸಿಯೇರಿ ಗಡ್ಡೆಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಯಲ್ಲಿ ಹರಡಿಕೊಳ್ಳಲು ಹೇಳಿ.

ಪ್ರಶ್ನೆ ಕೇಳಿದವರು:

ನಕ್ಷೆ ನನ್ನದೇ, ಆ ಅನುಮಾನ ಬೇಡ. ಎಪಾಕ್ಸಿಯನ್ನೂ ಕಿಟ್‌ನಲ್ಲಿ ಇಡಬೇಕೇ? ಬೆಲೆ ಹೇಗೆ ನಿಶ್ಚಯಿಸಲಿ?

ಕುಂದಾಪುರದಿಂದ:

ಸಂತೋಷ. ಎಪಾಕ್ಸಿ ಬೇಡ. ಅದನ್ನು ಗಟ್ಟಿಯಾಗಿಸಲು ಕಲಸುವ ಹಾರ್ಡನರ್ ಚರ್ಮ ಸುಡುವ ರಾಸಾಯನಿಕ, ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗೆ ಸುಲಭವಾಗಿ ಒಪ್ಪುವುದಿಲ್ಲ. ಯಾವ ಬಗೆ, ಎಷ್ಟು ಎಂದು ಪಟ್ಟಿ ಕೊಡಿ, ಅವರೇ ಕೊಳ್ಳಲಿ. ತಂತಿ ಮಾತ್ರ ಬೇಕಾದದ್ದಕ್ಕಿಂತ ಹೆಚ್ಚೇ ಇಡಿ.

ಬೆಲೆಗೆ ಪ್ಲೈವುಡ್, ಕತ್ತರಿಸುವ ಕೂಲಿ, ಪೆಟ್ಟಿಗೆ ಸೇರಿಸಿ. ಅದರ ಮೇಲೆ ನಿಮ್ಮ ಗಂಟೆಗಳಿಗೆ ಊರಿನ ಒಳ್ಳೆಯ ಆಚಾರಿಯ ದಿನಗೂಲಿಯಷ್ಟಾದರೂ ಹಾಕಿ, ಫೋನಿನಲ್ಲಿ ಗಿರಾಕಿಗೆ ಬಿಡಿಸಿ ಹೇಳುವ ಹೊತ್ತನ್ನೂ ಸೇರಿಸಿ. ‘ಹವ್ಯಾಸ ತಾನೇ’ ಎಂದು ಅದನ್ನು ಬಿಟ್ಟವರ ಅಂಗಡಿ ಆರ್ಡರ್ ಹೆಚ್ಚಿದಷ್ಟೂ ಬೇಗ ಮುಚ್ಚುತ್ತದೆ.

ಒಂದನ್ನು ಮಾತ್ರ ಮರೆಯಬೇಡಿ. ದೋಣಿಯ ಮುಂದೆ ಹಿಂದೆ ನೀರು ನುಗ್ಗದಂತೆ ಮುಚ್ಚಿದ ಗಾಳಿ ಕೋಣೆಗಳಿಲ್ಲದ ನಕ್ಷೆಯಾದರೆ ಮಾರಾಟಕ್ಕೆ ಇಡಬೇಡಿ. ದೋಣಿ ತುಂಬ ನೀರು ತುಂಬಿದರೂ ಅದು ತೇಲುತ್ತಿರಬೇಕು, ಹಿಡಿದುಕೊಂಡವರನ್ನೂ ತೇಲಿಸಬೇಕು. ದಡದ ಹತ್ತಿರ ನೀವೇ ತುಂಬಿಸಿ, ಅದರ ವಿಡಿಯೊ ಮಾಡಿ ಮಾರಾಟದ ಪುಟದಲ್ಲಿ ಮೊದಲಿಗೇ ಹಾಕಿ. ಆಮೇಲೆ ಮೊದಲ ಕಿಟ್ಟನ್ನು ಸುತ್ತಿಗೆ ಹಿಡಿದು ಅಭ್ಯಾಸವಿಲ್ಲದ ಒಬ್ಬ ಪರಿಚಿತರಿಗೆ ಅಸಲು ಬೆಲೆಗೆ ಕೊಟ್ಟು, ಅವರು ಕಟ್ಟುವಾಗ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳಿ. ಅವರು ಎಲ್ಲೆಲ್ಲಿ ತಡವರಿಸುತ್ತಾರೋ ಬರೆದುಕೊಳ್ಳಿ. ಕೈಪಿಡಿ ಶುರು ಮಾಡಬೇಕಾದದ್ದು ಆ ಚೀಟಿಯಿಂದ.