ಬೀಚಿನಲ್ಲಿ ಮೆಟಲ್ ಡಿಟೆಕ್ಟರ್ ಬಳಸಲು ಅನುಮತಿ ಬೇಕಾ?

ಪ್ರಶ್ನೆ: ಸರ್, ಹೊಸದಾಗಿ ಮೆಟಲ್ ಡಿಟೆಕ್ಟರ್ ತಗೊಂಡಿದ್ದೇನೆ. ಸಾರ್ವಜನಿಕ ಬೀಚ್ ಅಂದ್ರೆ ಎಲ್ಲರದ್ದೂ ಅಲ್ವಾ, ಸುಮ್ನೆ ಮರಳಿನಲ್ಲಿ ಹುಡುಕೋಕೂ ಯಾರನ್ನಾದ್ರೂ ಕೇಳಬೇಕಾ? ಸಿಕ್ಕಿದ್ದನ್ನು ಇಟ್ಟುಕೊಳ್ಳಬಹುದಾ?

ಉತ್ತರ (ಪುರಾತತ್ವ ಕ್ಷೇತ್ರದವರು): ಓಡಾಡಲು ಬಿಟ್ಟಿದ್ದಾರೆ ಅಂದರೆ ಅಗೆಯಲೂ ಬಿಟ್ಟಿದ್ದಾರೆ ಅಂತಲ್ಲ. ಒಂದೇ ಬೀಚಿನಲ್ಲಿ ಉಬ್ಬರದ ನೀರು ಬಂದು ಹೋಗುವ ಒದ್ದೆ ಮರಳು ಸರ್ಕಾರದ್ದು, ಮೇಲಿನ ಒಣ ಮರಳು ಪಾಲಿಕೆಯದ್ದೋ ಖಾಸಗಿಯವರದ್ದೋ, ಹಿಂದಿನ ಮರಳು ದಿಬ್ಬ ಸಂರಕ್ಷಿತ ಜಾಗ, ಹೀಗೆಲ್ಲ ಇರಬಹುದು. ಜಾಗ ಯಾರ ಕೈಯಲ್ಲಿದೆಯೋ ಅವರನ್ನೇ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ.

ದೇಶದಿಂದ ದೇಶಕ್ಕೆ ನಿಯಮ ತುಂಬಾ ಬೇರೆ. ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನ ವ್ಯವಸ್ಥೆಗೆ ಸೇರಿದ ಕಡಲತೀರಗಳಲ್ಲಿ ಡಿಟೆಕ್ಟರ್ ಬಳಸುವಂತಿಲ್ಲ. ಫ್ರಾನ್ಸಿನಲ್ಲಿ ಹಳೆಯ ವಸ್ತು ಹುಡುಕಲು ಸರ್ಕಾರದ ಅನುಮತಿ ಬೇಕು. ಇಂಗ್ಲೆಂಡಿನಲ್ಲಿ ಹುಡುಕಾಟಕ್ಕೆ ಸ್ವಲ್ಪ ಸಡಿಲಿಕೆ ಇದೆ, ಆದರೆ 1996ರ ಕಾಯ್ದೆ ಪ್ರಕಾರ ನಿಧಿ ಅನ್ನಿಸಿದ್ದನ್ನು 14 ದಿನದೊಳಗೆ ತಿಳಿಸಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆ ಇನ್ನೂ ಇದೆ. ಮಣ್ಣಿನಲ್ಲಿ ಅಡಗಿದ್ದ ವಸ್ತು 10 ರೂಪಾಯಿಗಿಂತ ಹೆಚ್ಚು ಬೆಲೆಯದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಪ್ರಶ್ನೆ: ಹಾಗಾದ್ರೆ ಯಾರೋ ಮೊನ್ನೆ ಕಳೆದುಕೊಂಡ ಉಂಗುರ ಸಿಕ್ಕರೆ?

ಉತ್ತರ: ಅದು ನಿಧಿ ಅಲ್ಲ, ಕಳೆದ ವಸ್ತು. ಅದಕ್ಕೆ ಮಾಲೀಕರಿದ್ದಾರೆ, ಪೊಲೀಸರಿಗೆ ಕೊಡಿ. ಸಿಕ್ಕಿದವನಿಗೇ ಸೇರಿದ್ದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಹಳೆಯ ನಾಣ್ಯ, ಹಡಗಿನ ಮೊಳೆ, ಮಡಕೆ ಚೂರಿನ ಜೊತೆಗಿರುವ ಲೋಹ ಕಂಡರೆ ದಯವಿಟ್ಟು ಅಲ್ಲೇ ನಿಲ್ಲಿಸಿ. ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅನ್ನೋದರಿಂದಲೇ ನಮಗೆ ಅದರ ಕಾಲ ಗೊತ್ತಾಗೋದು. ಕಿತ್ತು, ಉಜ್ಜಿ ತೊಳೆದು ತಂದರೆ ನಾವು ಹೇಳಬಹುದಾದದ್ದು ತುಂಬಾ ಕಡಿಮೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಫೋಟೋ ತೆಗೆಯಿರಿ, ಜಾಗ ಗುರುತು ಮಾಡಿ, ಪುರಾತತ್ವ ಇಲಾಖೆಗೆ ತಿಳಿಸಿ.

ಪ್ರಶ್ನೆ: ಅನುಮತಿ ಸಿಕ್ಕಿದರೆ ಎಲ್ಲಿ ಬೇಕಾದ್ರೂ ಅಗೆಯಬಹುದಾ?

ಉತ್ತರ: ಇಲ್ಲ. ದಿಬ್ಬದ ಗಿಡಗಳ ಬೇರೇ ಮರಳನ್ನು ಹಿಡಿದಿಡೋದು, ಅಲ್ಲಿ ಸಲಿಕೆ ಹಾಕಬೇಡಿ. ಆಮೆ ಮೊಟ್ಟೆ ಇಡುವ ತೀರದಲ್ಲಿ ಆ ಕಾಲ ಮುಗಿಯುವವರೆಗೆ ಹೋಗಲೇಬೇಡಿ. ತೋಡಿದ ಗುಂಡಿ ಮುಚ್ಚಿ, ಕತ್ತಲಲ್ಲಿ ನಡೆಯುವವರ ಕಾಲು ಮುರಿದೀತು. ಹಿಂದೆ ಯುದ್ಧ ನಡೆದ ತೀರಗಳಲ್ಲಿ ಸಿಡಿಯದ ಗುಂಡುಗಳು ಈಗಲೂ ಸಿಗುತ್ತವೆ. ತುಕ್ಕು ಹಿಡಿದ ಉರುಟು ಕಬ್ಬಿಣ ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಫೋನ್ ಮಾಡಿ.