ಸಹಾಯ ಬೇಕು: ಅಲೆಗಳಿಗೆ ಇಳಿಯಲು ಯಾವ ಬೋರ್ಡ್, ಯಾವ ಸೇಲ್?

ವಿಂಡ್‌ಸರ್ಫಿಂಗ್‌ನಲ್ಲಿ (ಸೇಲ್, ಅಂದರೆ ಹಾಯಿ, ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯಲ್ಲಿ ಸಾಗುವ ಆಟ) ಹಾರ್ನೆಸ್ (ಸೇಲಿನ ಎಳೆತವನ್ನು ಮೈಗೆ ಕೊಡುವ ಪಟ್ಟಿ), ಫುಟ್‌ಸ್ಟ್ರಾಪ್ (ಬೋರ್ಡ್ ಮೇಲೆ ಪಾದ ಸಿಕ್ಕಿಸುವ ಪಟ್ಟಿ), ವಾಟರ್‌ಸ್ಟಾರ್ಟ್ (ನೀರಿನಲ್ಲಿದ್ದೇ ಗಾಳಿಯ ಬಲದಿಂದ ಬೋರ್ಡ್ ಏರುವುದು) ಎಲ್ಲ ಬರುತ್ತದೆ, ಆದರೆ ಸಮತಟ್ಟು ನೀರಿನಲ್ಲಿ ಮಾತ್ರ. ಈಗ ಸೊಂಟದೆತ್ತರದ ಅಲೆಗಳಿಗೆ ಇಳಿಯುವ ಆಸೆ. ನನ್ನ ತೂಕ 75 ಕೆಜಿ. 95 ಲೀಟರಿನ (ಲೀಟರ್ ಜಾಸ್ತಿಯಾದಷ್ಟು ಬೋರ್ಡ್ ಚೆನ್ನಾಗಿ ತೇಲುತ್ತದೆ) ಫ್ರೀಸ್ಟೈಲ್ ವೇವ್ ಬೋರ್ಡ್, ಅಂದರೆ ಅಲೆಗೂ ಸಮತಟ್ಟು ನೀರಿಗೂ ಆಗುವಂಥದ್ದು, ಸಾಕಾ, ಇಲ್ಲ 80 ಲೀಟರಿನ ಅಪ್ಪಟ ವೇವ್ ಬೋರ್ಡೇ ಬೇಕಾ? ಚಿಕ್ಕದು ಅಲೆಯ ಮೇಲೆ ಚೆನ್ನಾಗಿ ತಿರುಗುತ್ತದೆ, ನಿಜ. ಆದರೆ ದಡದ ಹತ್ತಿರ ಗಾಳಿ ಕಡಿಮೆಯಾದಾಗ ಅದು ಅರ್ಧ ಮುಳುಗಿ ನಿಂತರೆ, ಹಿಂದಿನಿಂದ ಬರುವ ಅಲೆ ಸುಮ್ನೆ ಬಿಡುವುದಿಲ್ಲ ಅಲ್ವಾ? ಹಾಗಾಗಿ ಮನಸ್ಸು ದೊಡ್ಡದರ ಕಡೆಗೇ ಇದೆ.

ಸೇಲ್ 4.7 ಮತ್ತು 5.3 ಚದರ ಮೀಟರ್, ಎರಡಕ್ಕೂ 400 ಸೆಂಟಿಮೀಟರಿನ ಒಂದೇ ಸಪೂರ ಮಾಸ್ಟ್ (ಸೇಲಿನ ಕಂಬ) ಅಂದುಕೊಂಡಿದ್ದೇನೆ. 4 ಬ್ಯಾಟನ್ (ಸೇಲಿನ ಆಕಾರ ಹಿಡಿಯುವ ಅಡ್ಡ ಕಡ್ಡಿ) ಇರುವ ಸೇಲ್ ಹಗುರ, 5 ಬ್ಯಾಟನ್‌ನದ್ದು ಜೋರು ಗಾಳಿಯಲ್ಲಿ ಜಾಸ್ತಿ ಸ್ಥಿರ ಅಂತಾರೆ. ಕಲಿಯುವವರಿಗೆ ಯಾವುದು? ಬೋರ್ಡಿನ ಅಡಿಯ ರೆಕ್ಕೆ, ಅಂದರೆ ಫಿನ್, ಒಂದೇ ಸಾಕಾ, ಮೂರು ಬೇಕಾ? ಅಲೆಯಲ್ಲಿ ಆಡಿದವರು ಹೇಳಿ.